ವಾರಗಿತ್ತಿಯ ಒಸಡು

ಸ್ಟುಡಿಯೋದಲ್ಲಿ ಫೋಟೋ ತೆಗೆಯುತ್ತಿದ್ದವನು ಗಂಡನೇ ಆದರೂ ಜನ ಬರುತ್ತಿದ್ದದ್ದು ದೊಡ್ಡವಳ ನಗುವನ್ನು ನಂಬಿಕೊಂಡು. ದೊಡ್ಡವಳು ಎಂದರೆ ಆ ಮನೆಯ ಹಿರಿಯ ಸೊಸೆ. ಎರಡನೆಯ ಸೊಸೆ ಮನೆಗೆ ಬಂದ ದಿನವೇ ಅತ್ತೆ, ಇಬ್ಬರ ಹೆಸರು ಹಿಡಿದು ಕೂಗುವ ಗೋಜು ತಮಗೆ ಬೇಡವೆಂದು ಒಬ್ಬಳನ್ನು ದೊಡ್ಡವಳು, ಇನ್ನೊಬ್ಬಳನ್ನು ಚಿಕ್ಕವಳು ಎಂದುಬಿಟ್ಟಿದ್ದರು. ಅದೇ ಉಳಿದುಕೊಂಡಿತ್ತು.

ಕಟ್ಟಡ ಬಸ್ ನಿಲ್ದಾಣದ ಎದುರು ರಸ್ತೆಯಲ್ಲಿತ್ತು. ಮೇಲೆ ಮನೆ, ಕೆಳಗೆ ಸ್ಟುಡಿಯೋ. ಒಳಗೆ ಕಾಲಿಟ್ಟರೆ ಗಾಜಿನ ಕೌಂಟರು, ಅದರ ಪಕ್ಕದಲ್ಲೇ ಪಾಸ್‌ಪೋರ್ಟ್ ಫೋಟೋಗೆಂದು ಒಂದು ಬಿಳಿ ಪರದೆ, ಗುಂಡನೆಯ ಸ್ಟೂಲು. ಬಾಗಿಲು ದಾಟಿದರೆ ದೊಡ್ಡ ಕೋಣೆ. ದೀಪಗಳು, ಬೆಳಕಿನ ಕೊಡೆಗಳು, ಸುತ್ತಿಟ್ಟ ಬಣ್ಣದ ಪರದೆಗಳು ಅಲ್ಲಿ. ಅದರ ಹಿಂದಿನ ಕೋಣೆಯಲ್ಲಿ ಮೈದುನ ಕಂಪ್ಯೂಟರಿನಲ್ಲಿ ಫೋಟೋ ತಿದ್ದುತ್ತಿದ್ದ, ಅವನ ಹೆಂಡತಿ ಚಿಕ್ಕವಳು ಗಾಜು ಕೊಯ್ದು ಚೌಕಟ್ಟು ಕೂರಿಸುತ್ತಿದ್ದಳು. ದೊಡ್ಡವಳ ಜಾಗ ದೊಡ್ಡ ಕೋಣೆಯಲ್ಲಿ, ಕ್ಯಾಮೆರಾದ ಎಡಗಡೆ. ಕೋಲು ನುಂಗಿದವರಂತೆ ಕೂತ ಮುದುಕರು, ಅಳುವ ಕೂಸುಗಳು, ದಾರಿಯುದ್ದಕ್ಕೂ ಜಗಳವಾಡಿ ಬಂದ ಗಂಡಹೆಂಡಿರು, ಯಾರೇ ಇರಲಿ, ಅವಳು ಏನೋ ಒಂದು ಹೇಳಿ ತಾನೇ ಮೊದಲು ನಕ್ಕುಬಿಡುತ್ತಿದ್ದಳು. ಹೇಳಿದ ಮಾತಿನಲ್ಲಿ ಅಂಥ ಹುರುಳೇನೂ ಇರುತ್ತಿರಲಿಲ್ಲ. ನಗು ಮಾತ್ರ ಬಾಯಿತುಂಬ, ಎರಡೂ ಸಾಲು ಹಲ್ಲು ಬೆಳಗುವಂತೆ ಬರುತ್ತಿತ್ತು. ನೋಡಿದವರಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಗಂಡ ಆ ಕ್ಷಣಕ್ಕೇ ಹೊಂಚು ಹಾಕಿ ಗುಂಡಿ ಒತ್ತುತ್ತಿದ್ದ. ಶಾಲೆಯ ಮಕ್ಕಳು ಅವಳಿಗೆ ನಗುವಕ್ಕ ಎಂದು ಹೆಸರಿಟ್ಟಿದ್ದರು. ಆ ಹೆಸರು ಅವಳ ತಲೆಗೇರಿತ್ತು ಎಂದರೆ ಸುಳ್ಳಲ್ಲ.

ಆ ವರ್ಷ ಊರನ್ನೆಲ್ಲ ಹಾಸಿಗೆ ಹಿಡಿಸಿದ ಜ್ವರ ಅವರ ಮನೆಗೂ ಬಂತು. ಮೊದಲು ಚಿಕ್ಕವಳಿಗೆ, ಅವಳಿಂದ ಒಬ್ಬರಾದ ಮೇಲೊಬ್ಬರಿಗೆ. ಎಲ್ಲರಿಗೂ ಬಿಸಿನೀರು, ಮಾತ್ರೆ ಎಂದು ಮೆಟ್ಟಿಲು ಹತ್ತಿ ಇಳಿದ ದೊಡ್ಡವಳು ಕೊನೆಗೆ ಮಲಗಿದಳು, ಎಲ್ಲರಿಗಿಂತ ತಡವಾಗಿ ಎದ್ದಳು. ಮೂಗು ಕಟ್ಟಿ ಬಾಯಲ್ಲೇ ಉಸಿರಾಡಬೇಕಾಗಿತ್ತು. ಬೆಳಿಗ್ಗೆ ಕಣ್ಣು ಬಿಟ್ಟರೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿರುತ್ತಿತ್ತು. ಎದ್ದು ಹಲ್ಲುಜ್ಜುವಷ್ಟು ತ್ರಾಣವಿಲ್ಲದ ದಿನಗಳೂ ಇದ್ದವು. ಜ್ವರ ಹೋಯಿತು, ಕೆಮ್ಮು ಹೋಯಿತು, ಬಾಯಿ ಒಣಗುವುದು ಮಾತ್ರ ಉಳಿಯಿತು. ಅದರ ಬೆನ್ನಿಗೇ ಬ್ರಷ್ಷಿನಲ್ಲಿ ರಕ್ತ ಕಾಣಿಸಿಕೊಂಡಿತು.

“ಜ್ವರದ ಕಾವು ಬಾಯಿಗಿಳಿದಿದೆ, ತಾನಾಗೇ ಹೋಗುತ್ತೆ,” ಎಂದರು ಅತ್ತೆ. ಅವರಿಗೆ ಮೇಲೂ ಕೆಳಗೂ ಕಟ್ಟಿಸಿದ ಹಲ್ಲು. “ನನ್ನ ನೋಡು. ಕಿರಿಕಿರಿ ಅನ್ಸಿದ್ರೆ ತೆಗೆದು ಲೋಟಕ್ಕೆ ಹಾಕ್ತೀನಿ, ಬೆಳಿಗ್ಗೆ ತನಕ ಅದರ ಪಾಡು ಅದಕ್ಕೆ, ನನ್ನ ಪಾಡು ನನಗೆ.”

ದೊಡ್ಡವಳು ಉಪ್ಪುನೀರು ಮುಕ್ಕಳಿಸಿದಳು, ಪೇಸ್ಟು ಬದಲಾಯಿಸಿದಳು. ಒಸಡು ಊದಿಕೊಂಡು, ಮುಟ್ಟಿದರೆ ಜಿನುಗುವಂತಾಯಿತು. ಕೆಳಗಿನ ಮುಂದಿನ ಹಲ್ಲುಗಳು ಇದ್ದಕ್ಕಿದ್ದಂತೆ ಉದ್ದವಾದ ಹಾಗೆ ಕಂಡವು. ಬಾಯಲ್ಲಿ ಯಾವಾಗಲೂ ತುಕ್ಕು ನೆಕ್ಕಿದಂಥ ರುಚಿ. ಯಾರಿಗೂ ಹೇಳಲಿಲ್ಲ. ಏಲಕ್ಕಿ ಅಗಿಯುತ್ತ ತನ್ನ ಜಾಗದಲ್ಲಿ ನಿಂತು ನಗುತ್ತಲೇ ಇದ್ದಳು.

ಒಂದು ಮಧ್ಯಾಹ್ನ ಒಂದು ಕುಟುಂಬ ಮಗಳ ಫೋಟೋ ತೆಗೆಸಲು ಬಂತು. ಮೂರೋ ನಾಲ್ಕೋ ವರ್ಷದ ಹುಡುಗಿ, ಸುಲಭಕ್ಕೆ ನಗುವಂಥದ್ದಲ್ಲ. ದೊಡ್ಡವಳು ಬಗ್ಗಿ ಅದರ ಮುಖದ ಹತ್ತಿರ ಮುಖ ತಂದು ನಕ್ಕಳು. ಹುಡುಗಿ ಮೂಗು ಮುಚ್ಚಿಕೊಂಡು ಅಮ್ಮನ ಕಡೆ ತಿರುಗಿ, “ಈ ಆಂಟಿ ಬಾಯಿ ಗಬ್ಬು,” ಎಂದಿತು. ತಾಯಿ ಮಗುವಿನ ತೊಡೆ ಚಿವುಟಿದಳು. ಗಂಡ ಕ್ಯಾಮೆರಾದ ಹಿಂದೆ ಏನೋ ಸರಿಮಾಡುವವನಂತೆ ತಲೆ ತಗ್ಗಿಸಿದ. ಅವನಿಗೆ ಇದು ಮೊದಲೇ ಗೊತ್ತಿತ್ತು ಎಂಬುದು ಆ ತಗ್ಗಿಸಿದ ತಲೆಯಲ್ಲೇ ದೊಡ್ಡವಳಿಗೆ ತಿಳಿದುಹೋಯಿತು.

ಆ ಸಂಜೆ ಅವನು ಬಹಳ ಮೆತ್ತಗೆ ಹೇಳಿದ. “ಸ್ವಲ್ಪ ದಿನ ನೀನು ಮುಂದೆ ಪಾಸ್‌ಪೋರ್ಟ್ ನೋಡ್ಕೊ. ಅಲ್ಲಿ ಯಾರೂ ನಗೋ ಹಾಗಿಲ್ಲವಲ್ಲ, ನಿನಗೂ ಆರಾಮ. ಒಳಗೆ ಚಿಕ್ಕವಳು ನಿಂತ್ಕೊಳ್ಳಲಿ.”

“ಅವಳಾ? ಅವಳು ನಕ್ಕಿದ್ದು ನೀವು ನೋಡಿದೀರಾ?”

“ಕಲೀತಾಳೆ ಬಿಡು.”

ಮರುದಿನವೇ ದೊಡ್ಡವಳು ದಂತವೈದ್ಯೆಯ ಬಳಿ ಹೋದಳು. ವೈದ್ಯೆ ನಡುವಯಸ್ಸಿನ, ಮಾತಿನಲ್ಲಿ ಸುತ್ತಿಬಳಸದ ಹೆಂಗಸು. ತೆಳುವಾದ ಕಡ್ಡಿಯಂಥ ಉಪಕರಣವನ್ನು ಒಸಡಿನ ಅಂಚಿಗೆ ಇಳಿಸುತ್ತ, ಅದು ಎಷ್ಟು ಆಳ ಹೋಯಿತೆಂದು ನರ್ಸಿಗೆ ಅಂಕಿ ಹೇಳುತ್ತ ಹೋದಳು. ಆಮೇಲೆ ಎಕ್ಸ್‌ರೇ ತೋರಿಸಿದಳು.

“ಹಲ್ಲು ಗಟ್ಟಿಯಾಗೇ ಇದೆ. ಅದು ನಿಂತಿರೋ ನೆಲ ಕರಗ್ತಿದೆ. ಕೆಳಗಿನ ಎರಡು ಅಲ್ಲಾಡ್ತಿವೆ, ಮೇಲೊಂದು. ಮೇಲಿಂದು ಉಳಿಯೋದು ಕಷ್ಟ.”

“ಜ್ವರ ಬರೋ ಮುಂಚೆ ಏನೂ ಇರಲಿಲ್ಲ ಡಾಕ್ಟ್ರೇ.”

“ಸ್ವಲ್ಪ ಇದ್ದಿರುತ್ತೆ, ಗೊತ್ತಾಗಿಲ್ಲ. ಜ್ವರದಲ್ಲಿ ಮೈ ಸೋತಿತ್ತು, ಬಾಯಿ ಒಣಗ್ತಿತ್ತು, ಅದಕ್ಕೆ ಬಾಗಿಲು ತೆರೆದ ಹಾಗಾಯ್ತು. ಈ ಜ್ವರ ಆದ್ಮೇಲೆ ಬಾಯಿ ಹಿಡ್ಕೊಂಡು ಬರೋರು ನನ್ನ ಹತ್ರ ಜಾಸ್ತಿ ಆಗಿದ್ದಾರೆ. ಅದೇ ಕಾರಣ ಅಂತ ಆಣೆ ಮಾಡಿ ಹೇಳಲ್ಲ. ಆದ್ರೆ ನಂಟು ಇದೆ ಅನ್ಸುತ್ತೆ.” ಕೈಗವಸು ಕಳಚುತ್ತ ಅವಳು ಕೇಳಿದಳು, “ಮನೇಲಿ ಇನ್ಯಾರಿಗೆ ಬಂದಿತ್ತು?”

“ಎಲ್ರಿಗೂ.”

“ಹಾಗಾದ್ರೆ ಒಂದ್ಸಲ ಎಲ್ರನ್ನೂ ಕಳಿಸಿ. ಈಗಲೇ ಬಂದ್ರೆ ಕ್ಲೀನ್ ಮಾಡಿ ಕಳಿಸ್ಬಹುದು. ತಡ ಮಾಡಿದ್ರೆ ನಿಮ್ಮ ಹಾಗೆ.”

‘ನಿಮ್ಮ ಹಾಗೆ’ ಎಂಬುದು ದೊಡ್ಡವಳ ಎದೆಗೆ ನಾಟಿತು. ಮನೆಗೆ ಬಂದು, ಒಸಡು ಸ್ವಲ್ಪ ಊದಿದೆ, ನಾಲ್ಕು ಸಲ ಹೋಗಿ ಬರಬೇಕು ಎಂದಷ್ಟೇ ಹೇಳಿದಳು. ಎಲ್ಲರೂ ಹೋಗಿ ತೋರಿಸಿಕೊಳ್ಳಿ ಎನ್ನಬೇಕಾದರೆ ತನಗೆ ಏನಾಗಿದೆ ಎಂಬುದನ್ನೂ ಪೂರ್ತಿ ಹೇಳಬೇಕಾಗುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು.

ಮುಂದಿನ ದಿನಗಳು ಬಿಳಿ ಪರದೆಯ ಎದುರು ಕಳೆದವು. “ಗದ್ದ ಸ್ವಲ್ಪ ಕೆಳಗೆ. ಬಾಯಿ ಮುಚ್ಚಿ. ಹಲ್ಲು ಕಾಣಬಾರದು.” ಇದನ್ನೇ ಹೇಳುವುದು, ತಾನೂ ಹಾಗೇ ಇರುವುದು. ಅವಳ ಕಣ್ಣು ಇಲ್ಲಿ, ಕಿವಿ ಒಳಗಿನ ಕೋಣೆಯಲ್ಲಿ. ಮೊದಮೊದಲು ಚಿಕ್ಕವಳು ತಡವರಿಸಿದಳು. ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಮಕ್ಕಳು ಇನ್ನಷ್ಟು ಅಳುತ್ತಿದ್ದವು, ಗಂಡ “ಪರವಾಗಿಲ್ಲ, ಇನ್ನೊಂದ್ಸಲ” ಎನ್ನುವುದು ಕೇಳಿಸುತ್ತಿತ್ತು. ಆ ದಿನಗಳಲ್ಲಿ ದೊಡ್ಡವಳಿಗೆ ಊಟ ಚೆನ್ನಾಗಿ ಸೇರಿತು.

ಆಮೇಲೆ ಒಳಗಿನಿಂದ ಅಳು ಕಡಿಮೆಯಾಯಿತು. ಸ್ವಲ್ಪ ಹೊತ್ತು ಸದ್ದೇ ಇರುತ್ತಿರಲಿಲ್ಲ, ತಟ್ಟನೆ ಮಗುವೊಂದು ಕಿಸಕ್ಕೆಂದು ನಗುತ್ತಿತ್ತು. ಮತ್ತೆ ಮೌನ, ಮತ್ತೆ ನಗು. ದೊಡ್ಡವಳು ಏನೋ ತರುವ ನೆಪದಲ್ಲಿ ಒಳಗೆ ಇಣುಕಿದಳು. ಚಿಕ್ಕವಳು ಮಗುವಿನ ಪಕ್ಕ ಮೊಣಕಾಲೂರಿ ಅದರ ಕಿವಿಯಲ್ಲಿ ಏನೋ ಪಿಸುಗುಟ್ಟಿ, ಏನೂ ಆಗಿಲ್ಲವೆಂಬಂತೆ ಎದ್ದು ಬಂದು ಕ್ಯಾಮೆರಾದ ಪಕ್ಕ ನಿಂತಳು. ಮಗುವಿನ ಕಣ್ಣು ಮಿನುಗಿತು, ತುಟಿ ತಡೆಯಲಾರದೆ ಅಗಲವಾಯಿತು.

“ಏನು ಹೇಳ್ತಾಳೆ ಅವಳು?” ಎಂದು ಗಂಡನನ್ನು ಕೇಳಿದಳು.

“ನನಗೇನು ಗೊತ್ತು. ಫೋಟೋ ಮಾತ್ರ ಬೊಂಬಾಟಾಗಿ ಬರ್ತಿದೆ.”

ಆ ಪಿಸುಮಾತು ಕಿವಿಗೆ ಹೊಕ್ಕ ಇರುವೆಯಂತೆ ಅವಳನ್ನು ಕಾಡಿತು. ಕೊನೆಗೊಂದು ದಿನ ಹೊರಗೆ ಬಂದ ಹುಡುಗನೊಬ್ಬನನ್ನು ಕೌಂಟರಿನ ಬಳಿ ನಿಲ್ಲಿಸಿಕೊಂಡು, ಕೈಗೊಂದು ಚಾಕೊಲೇಟು ಕೊಟ್ಟು ಕೇಳಿದಳು. ಹುಡುಗ ಸುತ್ತ ನೋಡಿ ದನಿ ತಗ್ಗಿಸಿದ. “ನಮ್ಮಪ್ಪ ಒಂದು ಕಾಲಿಗೆ ಕಪ್ಪು ಸಾಕ್ಸು, ಇನ್ನೊಂದಕ್ಕೆ ನೀಲಿ ಸಾಕ್ಸು ಹಾಕೊಂಡಿದ್ದಾರೆ. ಯಾರಿಗೂ ಹೇಳ್ಬೇಡ ಅಂದ್ರು.”

ದೊಡ್ಡವಳು ತಲೆಯೆತ್ತಿ ನೋಡಿದಳು. ಬಾಗಿಲಲ್ಲಿ ಗಂಭೀರವಾಗಿ ನಿಂತಿದ್ದ ಅಪ್ಪನ ಸಾಕ್ಸು ನಿಜಕ್ಕೂ ಹಾಗೇ ಇತ್ತು. ತಾನೇ ಅವರಿಗೆ ಕುರ್ಚಿ ಕೊಟ್ಟಿದ್ದಳು, ಕಂಡಿರಲಿಲ್ಲ. ಇಷ್ಟು ವರ್ಷ ಎಷ್ಟೋ ಜನರನ್ನು ನಗಿಸಿದ್ದಳು. ಯಾರ ಕಾಲು ಹೇಗಿದೆ, ಯಾರ ಗುಂಡಿ ತಪ್ಪಾಗಿ ಹಾಕಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ನೋಡುವ ಅಗತ್ಯವೇ ಬಂದಿರಲಿಲ್ಲ. ತನ್ನ ವಿದ್ಯೆಯನ್ನು ಚಿಕ್ಕವಳು ಕದ್ದಿದ್ದಾಳೆ ಎಂದಾದರೂ ಬೈಯಬಹುದೆಂದು ಕಾದಿದ್ದವಳಿಗೆ ಅದೂ ಇಲ್ಲವಾಯಿತು. ಇದು ಅವಳದೇ ವಿದ್ಯೆ. ಹಿಂದಿನ ಕೋಣೆಯಲ್ಲಿ ಕೂತು ಬಾಗಿಲ ಸಂದಿಯಿಂದ ಜನರನ್ನು ನೋಡಿ ನೋಡಿ ಕೂಡಿಸಿಟ್ಟದ್ದು.

ಅಂದಿನಿಂದ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಯಿತು. ಚಿಕ್ಕವಳು ಇಟ್ಟ ಪಾತ್ರೆ ಸರಿಯಾದ ಜಾಗದಲ್ಲಿಲ್ಲ, ಚಿಕ್ಕವಳು ಮಾಡಿದ ಟೀ ನೀರು, ಚಿಕ್ಕವಳ ಚಪ್ಪಲಿ ಸದ್ದು ಮಾಡುತ್ತದೆ. ಊಟಕ್ಕೆ ಕೂತಾಗ ಗಂಡ, ಮೈದುನ, ಚಿಕ್ಕವಳು ಅಂದಿನ ಗಿರಾಕಿಗಳ ಕತೆ ಹೇಳಿಕೊಂಡು ನಗುತ್ತಿದ್ದರು. ಆ ಕತೆಗಳಲ್ಲಿ ದೊಡ್ಡವಳು ಇರಲಿಲ್ಲ. ನಗಬೇಕೆನಿಸಿದಾಗ ತುಟಿ ಬಿಗಿಹಿಡಿದು ಮೂಗಿನಲ್ಲಿ ಹೂಂ ಎನ್ನುತ್ತಿದ್ದಳು.

“ದೊಡ್ಡವಳಿಗೆ ಈಚೆಗೆ ಬಹಳ ಗತ್ತು ಬಂದಿದೆ,” ಎಂದು ಅತ್ತೆ ತಮಾಷೆ ಮಾಡಿದರು. “ಬ್ಯಾಂಕಿನ ಮ್ಯಾನೇಜರ್ ಥರ ಕೂತಿರ್ತಾಳೆ.”

ವೈದ್ಯೆ ಹೇಳಿದಂತೆಯೇ ಮೇಲಿನ ಹಲ್ಲು ಹೋಗಲೇಬೇಕಾಯಿತು. ಅದಕ್ಕೂ ಕೆಲವು ದಿನ ಮೊದಲು, ಒಂದು ಬೆಳಿಗ್ಗೆ, ದೊಡ್ಡವಳು ಮುಖ ತೊಳೆಯಲು ಹೋದಾಗ ಬೇಸಿನ್ನಿನ ಬಿಳಿ ಅಂಚಿನಲ್ಲಿ ತಿಳಿಗೆಂಪು ನೊರೆ ಕಂಡಿತು. ತನ್ನದಲ್ಲ, ತಾನು ಈಗಷ್ಟೇ ಎದ್ದು ಬಂದಿದ್ದಳು. ಅವಳಿಗಿಂತ ಮೊದಲು ಅಲ್ಲಿಂದ ಹೋದವಳು ಚಿಕ್ಕವಳು.

ದೊಡ್ಡವಳು ನಲ್ಲಿ ತಿರುಗಿಸದೆ ನಿಂತು ಆ ನೊರೆಯನ್ನೇ ನೋಡಿದಳು. ಮೈಯೆಲ್ಲ ಹಗುರಾದಂತೆ ಆಯಿತು. ಅವಳಿಗೂ ಬಂತು ಎಂಬುದೊಂದೇ ಮಾತು ತಲೆಯಲ್ಲಿ ಓಡುತ್ತಿತ್ತು. ಆಮೇಲೆ ನೀರು ಬಿಟ್ಟು ಬೇಸಿನ್ನನ್ನು ಚೊಕ್ಕಟವಾಗಿ ತೊಳೆದಳು, ಬೇರೆ ಯಾರ ಕಣ್ಣಿಗೂ ಬೀಳಬಾರದೆಂಬಂತೆ.

ಮರುದಿನವೂ ನೋಡಿದಳು. ಅದರ ಮರುದಿನವೂ. ಒಮ್ಮೊಮ್ಮೆ ಕಾಣುತ್ತಿತ್ತು, ಒಮ್ಮೊಮ್ಮೆ ಬೇಸಿನ್ ಆಗಲೇ ತೊಳೆದಿರುತ್ತಿತ್ತು. ಚಿಕ್ಕವಳು ಒಂದೇ ಕಡೆ ಅಗಿಯುವುದನ್ನು, ಟೀ ಆರಿದ ಮೇಲೆ ಕುಡಿಯುವುದನ್ನು ದೊಡ್ಡವಳು ಗಮನಿಸಿದಳು. ಏನಾಗುತ್ತಿದೆ, ಮುಂದೆ ಏನಾಗುತ್ತದೆ, ಎಲ್ಲಿಗೆ ಹೋದರೆ ನಿಲ್ಲುತ್ತದೆ ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಹೇಳಲಿಲ್ಲ. ಪ್ರತಿ ದಿನ ಬೆಳಿಗ್ಗೆ, ಇವತ್ತು ಹೇಳುತ್ತೇನೆ ಎಂದು ಎದ್ದು ಬರುತ್ತಿದ್ದಳು. ಒಳಗಿನ ಕೋಣೆಯಿಂದ ಮೊದಲ ನಗು ಕೇಳಿಸುವ ಹೊತ್ತಿಗೆ ಆ ಮನಸ್ಸು ಎಲ್ಲಿಗೋ ಹಾರಿಹೋಗಿರುತ್ತಿತ್ತು.

ಹಲ್ಲು ಕೀಳುವ ದಿನ ವೈದ್ಯೆ ನೆನಪು ಮಾಡಿಕೊಂಡು ಕೇಳಿದಳು. “ಮನೇಲಿ ಹೇಳಿದ್ರಾ? ಯಾರೂ ಬಂದ ಹಾಗಿಲ್ಲ.”

“ಹೇಳಿದೀನಿ. ಯಾರಿಗೂ ಏನೂ ಇಲ್ಲವಂತೆ,” ಎಂದಳು ದೊಡ್ಡವಳು. ಅಷ್ಟರಲ್ಲಿ ಬಾಯಿ ಮರಗಟ್ಟಿತ್ತು, ಸುಳ್ಳು ಸಲೀಸಾಗಿ ಹೊರಬಂತು.

ಆ ಜಾಗಕ್ಕೆ ಹಲ್ಲು ಕಟ್ಟಲು ಇನ್ನೂ ಕಾಯಬೇಕು, ಒಸಡು ಮೊದಲು ಗುಣವಾಗಲಿ ಎಂದಳು ವೈದ್ಯೆ. ಮುಂದಿನ ಸಾಲಿನಲ್ಲಿ ಒಂದು ಕಪ್ಪು ಸಂದಿ ಉಳಿಯಿತು. ಆ ವಾರವೇ ಸ್ಟುಡಿಯೋದ ಗೋಡೆಗೆಂದು ಮನೆಯವರೆಲ್ಲ ಕೂತು ಫೋಟೋ ತೆಗೆಸಿಕೊಂಡರು. ದೊಡ್ಡವಳು ಬಾಯಿ ಮುಚ್ಚಿಯೇ ಕೂತಿದ್ದಳು. ಅತ್ತೆ ಕೊನೇ ಗಳಿಗೆಯಲ್ಲಿ ಏನೋ ಅಂದದ್ದಕ್ಕೆ ತುಟಿ ಬಿರಿಯಿತು. ಚೌಕಟ್ಟಿನಲ್ಲಿ ಕೂತು ಬಂದ ಫೋಟೋದಲ್ಲಿ ಅವಳ ಹಲ್ಲಿನ ಸಾಲು ಪೂರ್ತಿಯಾಗಿತ್ತು.

“ನಾನೇ ತುಂಬಿಸ್ದೆ ಅತ್ತಿಗೆ,” ಎಂದ ಮೈದುನ, ಸಂತೋಷಪಡುತ್ತಾಳೆಂದು ನಂಬಿ. “ಹಳೇ ಫೋಟೋದಿಂದ ತಗೊಂಡು ಕೂರಿಸಿದೀನಿ. ಗೊತ್ತೇ ಆಗಲ್ಲ ಅಲ್ವಾ?”

“ಗೊತ್ತಾಗಲ್ಲ,” ಎಂದಳು ಅವಳು. ಪಕ್ಕದಲ್ಲಿ ಚಿಕ್ಕವಳು ಇದ್ದಳು, ಯಾರ ತಿದ್ದುಪಡಿಯೂ ಬೇಕಿಲ್ಲದ ನಗು ನಗುತ್ತ. ನೋಡೋಣ, ಎಷ್ಟು ದಿನ ಎಂದುಕೊಂಡಳು ದೊಡ್ಡವಳು. ಆ ಯೋಚನೆ ಬಂದ ಮೇಲೆ ತನಗೇ ನಾಚಿಕೆಯಾಗಿ ಮಹಡಿಗೆ ಹೋಗಿ ಸುಮ್ಮನೆ ಬಟ್ಟೆ ಮಡಚಿದಳು. ಆದರೂ ಹೇಳಲಿಲ್ಲ.

ಶಾಲೆಯ ಫೋಟೋಗಳ ದಿನ ಬಂತು. ವರ್ಷಕ್ಕೊಮ್ಮೆ ಬರುವ ದೊಡ್ಡ ಕೆಲಸ. ತರಗತಿಗೊಂದರಂತೆ ಮಕ್ಕಳನ್ನು ಮೈದಾನದ ಬೆಂಚುಗಳ ಮೇಲೆ ಸಾಲಾಗಿ ನಿಲ್ಲಿಸಿ ತೆಗೆಯಬೇಕು. ಪ್ರತಿ ವರ್ಷ ಅದು ದೊಡ್ಡವಳ ದಿನವಾಗಿತ್ತು. ಈ ಸಲ ಅವಳ ಪಾಲಿಗೆ ಬಂದದ್ದು ಬೆಂಚು ಜೋಡಿಸುವುದು, ಎತ್ತರದ ಮಕ್ಕಳನ್ನು ಹಿಂದಕ್ಕೆ ಕಳಿಸುವುದು. ಚಿಕ್ಕವಳು ಕುತ್ತಿಗೆಯ ಶಾಲನ್ನು ಕೆನ್ನೆಯವರೆಗೆ ಎಳೆದುಕೊಂಡು ಬಂದಿದ್ದಳು. ಗಾಳಿ ತಣ್ಣಗಿದೆ ಎಂದಳು. ಎರಡು ತರಗತಿ ಮುಗಿಯುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿತು. ಈಗ ಬಂದೆ ಎಂದು ಕಟ್ಟಡದ ಹಿಂದಿನ ನಲ್ಲಿಗಳ ಕಡೆ ನಡೆದಳು.

ಬಹಳ ಹೊತ್ತಾದರೂ ಬರದಿದ್ದಾಗ ದೊಡ್ಡವಳು ಹೋಗಿ ನೋಡಿದಳು. ಚಿಕ್ಕವಳು ನಲ್ಲಿಗೆ ಬಗ್ಗಿ ಬಾಯಿ ಮುಕ್ಕಳಿಸುತ್ತಿದ್ದಳು. ಶಾಲು ಜಾರಿತ್ತು, ಎಡಗೆನ್ನೆ ಬನ್ನಿನಂತೆ ಊದಿತ್ತು. ಸಿಮೆಂಟಿನ ಮೇಲೆ ರಕ್ತ, ಕೀವು.

“ಯಾವಾಗಿಂದ?” ಎಂದಳು ದೊಡ್ಡವಳು.

“ಊದಿದ್ದು ನಿನ್ನೆಯಿಂದ. ರಕ್ತ ಬರೋದು ಜ್ವರ ಬಂದಾಗಿಂದ ಇತ್ತು.” ಚಿಕ್ಕವಳು ಅವಳ ಕೈ ಹಿಡಿದುಕೊಂಡಳು. “ಅಕ್ಕ, ಭಾವಂಗೆ ಹೇಳ್ಬೇಡಿ.”

“ಯಾಕೆ?”

“ಹೇಳಿದ್ರೆ ನನ್ನೂ ಕೂರಿಸಿಬಿಡ್ತಾರೆ. ನಿಮ್ಮನ್ನ ಕೂರಿಸಿದ ಹಾಗೆ.” ಮಾತಾಡಲು ಅವಳಿಗೆ ನೋಯುತ್ತಿತ್ತು. “ಮದುವೆ ಆಗಿ ಬಂದಾಗಿಂದ ಆ ಕತ್ತಲೆ ಕೋಣೇಲಿ ಮೊಳೆ ಹೊಡೀತಾ ನಿಮ್ಮ ನಗು ಕೇಳಿಸ್ಕೊಂಡು ಕೂತಿದ್ದೆ. ಈಗ ತಾನೇ ಹೊರಗೆ ಬಂದಿದೀನಿ. ಮತ್ತೆ ಅಲ್ಲಿಗೆ ಹೋಗಲ್ಲ ನಾನು.”

ದೊಡ್ಡವಳು ಉತ್ತರಿಸುವ ಮೊದಲೇ ಗಂಡ ಇವರನ್ನು ಹುಡುಕಿಕೊಂಡು ಮೂಲೆ ತಿರುಗಿ ಬಂದ. ಚಿಕ್ಕವಳ ಕೆನ್ನೆ ನೋಡಿದ. “ಅಯ್ಯೋ, ಇದೇನಮ್ಮ. ನೀನು ಕೂತ್ಕೊ, ಕೂತ್ಕೊ.” ಆಮೇಲೆ ಹೆಂಡತಿಯ ಕಡೆ ತಿರುಗಿದ. “ಮುಂದಿನ ತರಗತಿ ನಿಂತಾಯ್ತು. ಬಾ, ನೀನೇ ನಿಂತ್ಕೊ.”

ಇಷ್ಟು ದಿನ ಅವಳು ಬಯಸಿದ್ದ ಮಾತು ಅದೇ. ಕರೆ ಬಂದೊಡನೆ ಕಾಲು ತಾನಾಗಿ ನಡೆಯಿತು. ಕ್ಯಾಮೆರಾದ ಎಡಗಡೆ ಹೋಗಿ ನಿಂತಳು. ಬೆಂಚಿನ ಮೇಲಿದ್ದ ಮಕ್ಕಳಲ್ಲಿ ಯಾವುದೋ ಒಂದು “ನಗುವಕ್ಕ” ಎಂದಿತು. ಬಾಯಿ ಮುಚ್ಚಿಕೊಳ್ಳಬೇಕೆಂಬುದು ಅವಳಿಗೆ ಮರೆತೇ ಹೋಯಿತು. ಏನೋ ಹೇಳಿದಳು, ಹಲ್ಲಿಲ್ಲದ ಸಂದಿಯನ್ನೂ ಸೇರಿಸಿಕೊಂಡು ನಕ್ಕಳು, ಮೂರು ಸಾಲು ಮಕ್ಕಳು ಒಟ್ಟಿಗೇ ನಕ್ಕವು. ಗಂಡ ಗುಂಡಿ ಒತ್ತಿದ. ಬಾಯಾರಿದವಳಿಗೆ ನೀರು ಸಿಕ್ಕಂತಿತ್ತು.

ಅದೇ ನಗುವಿನಲ್ಲಿ ಅವಳು ಪಕ್ಕಕ್ಕೆ ನೋಡಿದಳು. ಚಿಕ್ಕವಳು ವರಾಂಡದ ಮೆಟ್ಟಿಲ ಮೇಲೆ ಕೂತು ಶಾಲನ್ನು ಕೆನ್ನೆಗೊತ್ತಿಕೊಂಡು ಇತ್ತಲೇ ನೋಡುತ್ತಿದ್ದಳು. ಆ ಮುಖದಲ್ಲಿ ನೋವಿಗಿಂತ ಹೆಚ್ಚಿನದೇನೋ ಇತ್ತು. ದೊಡ್ಡವಳಿಗೆ ಅದರ ಗುರುತು ಹತ್ತಿತು. ಬಿಳಿ ಪರದೆಯ ಎದುರು ಕೂತಷ್ಟು ದಿನವೂ ತನ್ನ ಮುಖ ಹೊರಗಿನವರಿಗೆ ಹೀಗೇ ಕಂಡಿರಬೇಕು.

“ಉಳಿದಿದ್ದು ನೀವೇ ಮುಗಿಸ್ಕೊಳಿ,” ಎಂದಳು ಗಂಡನಿಗೆ. “ನಾನು ಇವಳನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ.”

“ಎರಡೇ ತರಗತಿ ಇದೆ ಕಣೆ, ಆಮೇಲೆ ಹೋಗಿ.”

“ಈಗಲೇ ಹೋಗ್ಬೇಕು. ಆಗಲೇ ತಡ ಆಗಿದೆ.”

ಆಟೋದಲ್ಲಿ ಕೂತ ಮೇಲೆ ಅವಳಿಗೆ ಹೊಳೆಯಿತು, ಎಲ್ಲರನ್ನೂ ಕಳಿಸಿ ಎಂದಿದ್ದ ಮಾತನ್ನು ಎತ್ತದೆ ವೈದ್ಯೆ ಸುಮ್ಮನಿರುವ ಪೈಕಿ ಅಲ್ಲ. ಬೇರೆ ದಂತವೈದ್ಯರ ಫಲಕಗಳು ದಾರಿಯಲ್ಲಿ ಎರಡು ಮೂರು ಕಂಡವು. ನಿಲ್ಲಿಸು ಎನ್ನಬಹುದಿತ್ತು. ಅನ್ನಲಿಲ್ಲ. ಚಿಕ್ಕವಳ ಬಾಯಿಯ ಬಗ್ಗೆ ಅವಳಿಗೆ ನಂಬಿಕೆಯಿದ್ದದ್ದು ಆ ಒಬ್ಬ ವೈದ್ಯೆಯಲ್ಲೇ.

ವೈದ್ಯೆ ಕೀವು ತೆಗೆದು, ಅಳೆದು, ಎಕ್ಸ್‌ರೇ ಹಿಡಿದು ನೋಡಿ ನಿಟ್ಟುಸಿರು ಬಿಟ್ಟಳು. “ಹಿಂದಿನ ದವಡೆ ಹಲ್ಲು ಒಂದು ಹೋಗುತ್ತೆ. ಉಳಿದಿದ್ದನ್ನ ಉಳಿಸ್ಕೋಬಹುದು. ನಾನು ಆವತ್ತೇ ಹೇಳಿ ಕಳಿಸಿದ್ನಲ್ಲಮ್ಮ, ಜ್ವರ ಬಂದೋರೆಲ್ಲ ಬಂದು ತೋರಿಸ್ಕೊಳಿ ಅಂತ. ಆಗಲೇ ಬಂದಿದ್ರೆ ಇದೂ ಉಳೀತಿತ್ತು. ನಿಮ್ಮಕ್ಕ ಹೇಳ್ಲಿಲ್ವಾ?”

ಚಿಕ್ಕವಳ ಬಾಯಲ್ಲಿ ಹತ್ತಿ ಇತ್ತು. ಅವಳು ಕಣ್ಣು ಮಾತ್ರ ಹೊರಳಿಸಿ ದೊಡ್ಡವಳನ್ನು ನೋಡಿದಳು. ದೊಡ್ಡವಳು ಗೋಡೆಗೆ ಅಂಟಿಸಿದ್ದ ದವಡೆಯ ಚಿತ್ರ ನೋಡುತ್ತ ನಿಂತಳು.

ವಾಪಸ್ಸು ನಡೆದೇ ಬಂದರು. ಚಿಕ್ಕವಳು ಮುಂದೆ, ದೊಡ್ಡವಳು ಹಿಂದೆ. ಬಸ್ ನಿಲ್ದಾಣ ಕಾಣುವ ಹೊತ್ತಿಗೆ ಚಿಕ್ಕವಳು ನಿಂತಳು.

“ನಾನು ದಿನಾ ಬೇಸಿನ್ ತೊಳೀತಿದ್ದೆ. ಆದ್ರೂ ಸ್ವಲ್ಪ ಉಳೀತಿತ್ತೇನೋ.”

“ಉಳೀತಿತ್ತು.”

“ಹಾಗಾದ್ರೆ ನೀವು ನೋಡಿದೀರಿ.”

“ನೋಡಿದೀನಿ.”

ಚಿಕ್ಕವಳು ಶಾಲು ಸರಿಮಾಡಿಕೊಂಡು ಮುಂದೆ ನಡೆದಳು. ಮನೆ ಸೇರಿದ ಮೇಲೆ ಯಾರಿಗೂ ಏನೂ ಹೇಳಲಿಲ್ಲ. ದೊಡ್ಡವಳ ಜೊತೆ ಮಾತು ಮಾತ್ರ ನಿಂತಿತು. ಎದುರೆದುರು ಕೂತಿದ್ದರೂ, “ಅತ್ತೆ, ಅಕ್ಕಂಗೆ ಆ ಕತ್ತರಿ ಕೊಡೋಕೆ ಹೇಳಿ,” ಎನ್ನುತ್ತಿದ್ದಳು. ಹಲವು ದಿನ ಹೀಗೇ ನಡೆದು ಅತ್ತೆ ರೇಗಿದರು. “ನಾನೇನು ಪೋಸ್ಟ್‌ಮ್ಯಾನಾ? ಏನಾಗಿದೆ ನಿಮ್ಮಿಬ್ಬರಿಗೆ?”

ಊಟದ ಹೊತ್ತು. ಎಲ್ಲರೂ ಕೂತಿದ್ದರು. ಚಿಕ್ಕವಳು ತಟ್ಟೆ ನೋಡುತ್ತಿದ್ದಳು. ಅವಳು ಹೇಳುವುದಿಲ್ಲ ಎಂಬುದು ದೊಡ್ಡವಳಿಗೆ ಗೊತ್ತಿತ್ತು, ಅದನ್ನು ತಾಳಿಕೊಳ್ಳುವುದೇ ಕಷ್ಟವಾಗಿತ್ತು.

“ಎಲ್ಲರನ್ನೂ ಕಳಿಸಿ ಅಂತ ಡಾಕ್ಟ್ರು ನನಗೆ ಮೊದಲೇ ಹೇಳಿದ್ರು,” ಎಂದಳು. “ಅವಳ ಬಾಯಲ್ಲಿ ರಕ್ತ ಬರ್ತಿರೋದೂ ನನಗೆ ಗೊತ್ತಿತ್ತು. ನಾನು ಹೇಳ್ಲಿಲ್ಲ.”

ಗಂಡ ಅಗಿಯುವುದನ್ನು ನಿಲ್ಲಿಸಿದ. “ಯಾಕೆ?”

“ಹೊಟ್ಟೆಕಿಚ್ಚು. ಇನ್ನೇನು.”

ಮೈದುನನ ಮುಖ ಕೆಂಪಾಯಿತು. ಎದ್ದು ಹೋಗುವವನಂತೆ ಕುರ್ಚಿ ಸರಿಸಿ, ಹೆಂಡತಿಯನ್ನು ನೋಡಿ ಮತ್ತೆ ಕೂತ. ಕೊನೆಗೆ ಅತ್ತೆಯೇ ಮಾತಾಡಿದರು. “ನಾನೂ ನನ್ನ ವಾರಗಿತ್ತಿ ಅಡುಗೆಗೆ ಯಾರೂ ನೋಡದೆ ಇದ್ದಾಗ ಉಪ್ಪು ಸುರೀತಿದ್ದೆ. ಆದ್ರೆ ಹಲ್ಲಿನ ತನಕ ಹೋಗಿರಲಿಲ್ಲ ಕಣೆ.” ಅವರ ದನಿಯಲ್ಲಿ ತಮಾಷೆ ಇರಲಿಲ್ಲ. “ಇದು ದೊಡ್ಡ ತಪ್ಪು.”

“ಹೌದು,” ಎಂದಳು ದೊಡ್ಡವಳು.

ಚಿಕ್ಕವಳು ತಲೆಯೆತ್ತದೆ, “ನೀರಿನ ಜಗ್ ಈ ಕಡೆ ಕೊಡಿ,” ಎಂದಳು. ಯಾರನ್ನೂ ಹೆಸರಿಸಿರಲಿಲ್ಲ. ಜಗ್ ಇದ್ದದ್ದು ದೊಡ್ಡವಳ ಪಕ್ಕದಲ್ಲಿ. ಅವಳೇ ಕೊಟ್ಟಳು.

ಆ ಊಟದಿಂದ ಎಲ್ಲವೂ ಸರಿಹೋಯಿತು ಎನ್ನುವಂತಿರಲಿಲ್ಲ. ಚಿಕ್ಕವಳ ಊತ ಇಳಿದ ಮೇಲೆ ಅವಳು ಮತ್ತೆ ಕ್ಯಾಮೆರಾದ ಪಕ್ಕ ನಿಂತಳು. ಹಿಂದಿನ ಕೋಣೆಗೆ ಹೋಗು ಎಂದು ಯಾರೂ ಹೇಳಲಿಲ್ಲ, ದೊಡ್ಡವಳು ಹೇಳಗೊಡಲೂ ಇಲ್ಲ. ದೊಡ್ಡವಳಿಗೆ ಹಲ್ಲು ಕಟ್ಟಿಸಿದ ಮೇಲೆ ಇಬ್ಬರೂ ಸರದಿಯ ಮೇಲೆ ನಿಲ್ಲತೊಡಗಿದರು. ಕೆಲವು ಗಿರಾಕಿಗಳು ಬಾಗಿಲಲ್ಲೇ “ಇವತ್ತು ಆ ಇನ್ನೊಬ್ಬರು ಇಲ್ವಾ?” ಎಂದು ಕೇಳುತ್ತಿದ್ದರು. ಹಾಗೆ ಕೇಳಿದಾಗಲೆಲ್ಲ ದೊಡ್ಡವಳಿಗೆ ಚುರುಕ್ ಎನ್ನುತ್ತಿತ್ತು. ಆದರೂ ಅವಳು ಹೋಗಿ ಚಿಕ್ಕವಳನ್ನು ಕರೆದುಕೊಂಡು ಬರುತ್ತಿದ್ದಳು.

ಒಸಡಿನ ಕಾಯಿಲೆ ಒಮ್ಮೆ ಬಂದರೆ ಪೂರ್ತಿ ಬಿಟ್ಟುಹೋಗುವಂಥದ್ದಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬೇಕು, ಆಗಾಗ ಬಂದು ಅಳತೆ ನೋಡಿಸಿಕೊಳ್ಳಿ ಎಂದಿದ್ದಳು ವೈದ್ಯೆ. ಮಳೆಗಾಲ ಮುಗಿದ ಮೇಲೊಂದು ಬೆಳಿಗ್ಗೆ ಇಬ್ಬರಿಗೂ ಒಂದೇ ದಿನ ಬರಹೇಳಿದ್ದರು. ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಹೋದರು. ಮೊದಲು ಚಿಕ್ಕವಳನ್ನು ಕರೆದರು. ತೆಳ್ಳನೆಯ ಬಾಗಿಲಿನಾಚೆ ವೈದ್ಯೆ ಅಂಕಿ ಹೇಳುವುದು ದೊಡ್ಡವಳಿಗೆ ಕೇಳಿಸುತ್ತಿತ್ತು. ಎಲ್ಲವೂ ಚಿಕ್ಕ ಅಂಕಿಗಳು.

ಆಮೇಲೆ ಇವಳ ಸರದಿ. ತನ್ನ ಕೆಲಸ ಮುಗಿಸಿ ಹೊರಗೆ ಬರುವಾಗ ಚಿಕ್ಕವಳು ಹೊರಟುಹೋಗಿರುತ್ತಾಳೆ ಎಂದುಕೊಂಡಿದ್ದಳು. ಅವಳು ಬೆಂಚಿನ ಮೇಲೆ ಕೂತಿದ್ದಳು.

“ಏನಂದ್ರು?” ಎಂದು ಕೇಳಿದಳು, ನೇರವಾಗಿ.

“ಎರಡು ಕಡೆ ಇನ್ನೂ ಆಳ ಇದೆಯಂತೆ. ಮರಗಟ್ಟಿಸಿ ಕ್ಲೀನ್ ಮಾಡಿದ್ರು. ಮತ್ತೆ ಬರ್ಬೇಕು.”

“ನಂದು ಎಲ್ಲಾ ಕಡೆ ಕಡಿಮೆ ಆಗಿದೆ.” ಅದರಲ್ಲಿದ್ದ ಹೆಮ್ಮೆಯನ್ನು ಅವಳು ಮುಚ್ಚಿಡಲಿಲ್ಲ.

“ಗೊತ್ತು. ಕೇಳಿಸ್ತು.”

“ಹೊಟ್ಟೆ ಉರೀತಾ?”

“ಉರೀತು,” ಎಂದಳು ದೊಡ್ಡವಳು.

“ಉರೀಲಿ,” ಎಂದಳು ಚಿಕ್ಕವಳು. ಅಷ್ಟು ಜೋರಾಗಿ ಹೇಳಿದ್ದಕ್ಕೆ ತಾನೇ ಬೆರಗಾದವಳಂತೆ ಕಂಡಳು. ಆಮೇಲೆ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ದೊಡ್ಡವಳ ಕಡೆ ಚಾಚಿದಳು. ದೊಡ್ಡವಳ ತುಟಿ ಇನ್ನೂ ಮರಗಟ್ಟಿದ್ದರಿಂದ ಕುಡಿದ ನೀರಿನಲ್ಲಿ ಅರ್ಧ ಕೊರಳಿಗಿಳಿದು ಬಟ್ಟೆ ನೆನೆಯಿತು. ಚಿಕ್ಕವಳು ಒರೆಸಿಕೊಳ್ಳಲು ಕರವಸ್ತ್ರ ಕೊಟ್ಟಳು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ನಿಂತಳು.